ಬಳ್ಳಿ ಹಳದಿಯಾಯ್ತು, ಏನು ಹೊಡೆಯಲಿ? ಗುಂಪಿನಲ್ಲಿ ಕೇಳುವ ಕ್ರಮ

ಮಳೆ ಹಿಡಿಯಿತೆಂದರೆ ಕೊಡಗಿನ ಬೆಳೆಗಾರರ ವಾಟ್ಸ್ಆ್ಯಪ್ ಗುಂಪುಗಳಿಗೆ ಬಿಡುವಿಲ್ಲ. ‘ನಮ್ಮಲ್ಲಿ ರಾತ್ರಿ ಎರಡು ಇಂಚು ನಲವತ್ತು ಸೆಂಟು, ನಿಮ್ಮಲ್ಲಿ?’ ಎಂಬಲ್ಲಿಂದ ಶುರುವಾಗಿ ಮೆಣಸಿನ ರೇಟು, ಕರೆಂಟು, ಆನೆ ಎಲ್ಲಾ ಬಂದು ಹೋಗುತ್ತವೆ. ನಡುವೆ ಯಾರೋ ಒಬ್ಬರು ಕಾಳುಮೆಣಸಿನ ಬಳ್ಳಿಯ ಹಳದಿ ಎಲೆಯೊಂದರ ಮಸುಕಾದ ಫೋಟೊ ಹಾಕಿ ‘ಏನು ಹೊಡೆಯಬೇಕು?’ ಎಂದು ಕೇಳುತ್ತಾರೆ. ಐದು ನಿಮಿಷದಲ್ಲಿ ಉತ್ತರಗಳ ಸಾಲು: ‘ಕಾಪರ್ ಹೊಡಿ ಅಣ್ಣ’ (ಅಂದರೆ ತಾಮ್ರದ ಶಿಲೀಂಧ್ರನಾಶಕ), ‘ಯೂರಿಯಾ ಕಮ್ಮಿ ಆಗಿದೆ ಸಾರ್’, ‘ಮಳೆ ಬಿಟ್ಟರೆ ತಾನೇ ಸರಿಹೋಗುತ್ತೆ’, ‘ಬಳ್ಳಿ ಬಿಡಿ ಮಾವ, ಇವತ್ತು ಪಂದಿಕರಿ ಯಾರ ಮನೇಲಿ?’

ತಮಾಷೆಯ ಕೊನೆಯದನ್ನು ಬಿಟ್ಟರೆ ಉಳಿದ ಯಾವ ಉತ್ತರವನ್ನೂ ತಪ್ಪೆನ್ನಲಾಗದು, ಸರಿಯೆನ್ನಲೂ ಆಗದು. ಬುಡದಲ್ಲಿ ನೀರು ನಿಂತರೂ ಮೆಣಸಿನ ಎಲೆ ಹಳದಿಯಾಗುತ್ತದೆ, ಶೀಘ್ರ ಸೊರಗು ರೋಗ ಬಂದರೂ ಆಗುತ್ತದೆ, ಮಣ್ಣಿನಲ್ಲಿರುವ ಜಂತುಹುಳು (ನೆಮಟೋಡ್) ಬೇರು ತಿಂದರೂ, ಬೇರಿಗೆ ಹಿಟ್ಟು ತಿಗಣೆ ಕೂತರೂ, ಸಾರಜನಕವೋ ಮೆಗ್ನೀಷಿಯಮ್ಮೋ ಕಡಿಮೆಯಾದರೂ ಆಗುತ್ತದೆ. ಎಲೆಯ ಫೋಟೊ ಒಂದನ್ನೇ ನೋಡಿ ಇವನ್ನು ಬೇರ್ಪಡಿಸಲು ಯಾರಿಂದಲೂ ಸಾಧ್ಯವಿಲ್ಲ. ಕೇಳುವವರು ಕ್ರಮವಾಗಿ ಕೇಳಿದರೆ ಮಾತ್ರ ಹೇಳುವವರಿಗೆ ಹೇಳಲು ಏನಾದರೂ ಇರುತ್ತದೆ.

ಮೊದಲ ಹೆಜ್ಜೆ: ಫೋನ್ ಕಿಸೆಯಲ್ಲಿರಲಿ

ಮೊದಲು ತೋಟ ಸುತ್ತಿ. ಎಷ್ಟು ಬಳ್ಳಿಗೆ ಬಂದಿದೆ, ಅವು ಒಂದೇ ಕಡೆ ಗುಂಪಾಗಿವೆಯೋ ಅಲ್ಲಲ್ಲಿ ಚದುರಿವೆಯೋ, ತಗ್ಗಿನಲ್ಲೋ ದಿಬ್ಬದಲ್ಲೋ ನೋಡಿ. ತಗ್ಗಿನಲ್ಲಿ ನೀರು ಹರಿದ ದಾರಿಯಲ್ಲೇ ಬಳ್ಳಿಗಳು ಸಾಲಾಗಿ ಬಾಡಿದ್ದರೆ ಅದೇ ದೊಡ್ಡ ಸುಳಿವು.

ಎರಡನೆಯದು: ಬುಡ ಕೆದಕುವುದು

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಮಳೆಯಲ್ಲಿ ಬಗ್ಗಿ ಮಣ್ಣು ಕೆದಕಲು ಯಾರಿಗೂ ಮನಸ್ಸಿರುವುದಿಲ್ಲ. ಆದರೆ ಕಾಯಿಲೆ ಕಾಣುವುದು ಎಲೆಯಲ್ಲಿ, ಇರುವುದು ಬಹಳ ಸಲ ಬುಡದಲ್ಲಿ.

ಬಳ್ಳಿಯ ಬುಡದ ಸುತ್ತ ಇರುವ ದರಗು, ಸಡಿಲ ಮಣ್ಣನ್ನು ಕೈಯಲ್ಲೇ ಸರಿಸಿ. ಹಾರೆ ಬೇಡ, ಗುದ್ದಲಿಯೂ ಬೇಡ. ಬುಡಕ್ಕೆ ಗಾಯವಾದರೆ ಇಲ್ಲದ ರೋಗವನ್ನು ಕರೆದಂತೆ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡದ ತೊಗಟೆಯನ್ನು ಚಾಕುವಿನ ತುದಿಯಿಂದ ಅಕ್ಕಿಕಾಳಿನಷ್ಟು ಮಾತ್ರ ಕೆರೆಯಿರಿ. ಒಳಗೆ ಹಸಿರು ಮಿಶ್ರಿತ ಬಿಳಿ ಕಂಡರೆ ಬುಡ ಚೆನ್ನಾಗಿದೆ. ಕಂದು ಅಥವಾ ಕಪ್ಪಾಗಿ, ಒದ್ದೆಯಾಗಿ, ತೊಗಟೆ ಬೆರಳಿಗೇ ಸುಲಿದು ಬಂದರೆ ಅದು ಬುಡಕೊಳೆ, ಅಂದರೆ ಶೀಘ್ರ ಸೊರಗು. ಹೀಗಾದಾಗ ಎಲೆಯಲ್ಲಿ ಚುಕ್ಕಿಯೇ ಇಲ್ಲದಿರಬಹುದು. ‘ಎಲೆ ಕ್ಲೀನ್ ಇದೆ, ರೋಗ ಅಲ್ಲ’ ಎಂದು ಗುಂಪಿನಲ್ಲಿ ಧೈರ್ಯ ಹೇಳುವವರು ತಪ್ಪುವುದು ಇಲ್ಲೇ.

ಆಮೇಲೆ ಬೇರು. ಬುಡದಿಂದ ಒಂದು ಗೇಣು ದೂರದಲ್ಲಿ, ಒಂದೇ ಮಗ್ಗುಲಲ್ಲಿ, ನಾಲ್ಕರಿಂದ ಆರು ಇಂಚು ಆಳ ಬಿಡಿಸಿ. ದಾರದಂತಹ ಸಣ್ಣ ಬೇರುಗಳು ಸಿಗುತ್ತವೆ. ಬೆರಳುದ್ದದ ನಾಲ್ಕೈದು ಎಳೆ ಕಿತ್ತು ಬಕೆಟ್ ನೀರಿನಲ್ಲಿ ಅಲುಗಿಸಿ ತೊಳೆಯಿರಿ. ನಲ್ಲಿ ಕೆಳಗೆ ಹಿಡಿದು ಉಜ್ಜಿದರೆ ನೋಡಬೇಕಾದದ್ದೇ ಕೊಚ್ಚಿಹೋಗುತ್ತದೆ. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿದ್ದರೆ ಜಂತುಹುಳು. ಗಂಟಿಲ್ಲದೆ ಸಣ್ಣ ಬೇರೆಲ್ಲ ಕಪ್ಪಾಗಿ ಕೊಳೆತಿದ್ದರೂ ಜಂತುಹುಳುವಿನ ಇನ್ನೊಂದು ಜಾತಿ ಇರಬಹುದು. ಅದು ಗಂಟು ಮಾಡುವುದಿಲ್ಲ, ಬೇರಿನೊಳಗೇ ಕೊರೆಯುತ್ತದೆ. ಬಿಳಿ ಹಿಟ್ಟು ಮೆತ್ತಿದಂತಿದ್ದು ಸುತ್ತ ಇರುವೆ ಓಡಾಡುತ್ತಿದ್ದರೆ ಹಿಟ್ಟು ತಿಗಣೆ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಆಗ ಗೊಬ್ಬರದ ಮಾತಿಗೆ ಬರಬಹುದು.

ನೋಡಿದ ಮೇಲೆ ಮಣ್ಣು ಮುಚ್ಚಿ. ಚಾಕು, ಕೈ, ಗಂಬೂಟು ತೊಳೆಯದೆ ಪಕ್ಕದ ಬಳ್ಳಿಗೆ ಹೋಗಬೇಡಿ. ಸೊರಗು ರೋಗ ಮಣ್ಣಿನಲ್ಲೂ ನೀರಿನಲ್ಲೂ ಸಾಗುತ್ತದೆ, ಬೂಟಿಗೆ ಅಂಟಿದ ಕೆಸರಿನಲ್ಲೂ.

ಮೂರನೆಯದು: ನಾಲ್ಕು ಫೋಟೊ

ಮರದ ಜೊತೆ ಇಡೀ ಬಳ್ಳಿ ಒಂದು. ಎಲೆಯ ಮೇಲ್ಭಾಗ ಮತ್ತು ಅಡಿಭಾಗ ಸೇರಿಸಿ ಒಂದು. ಕೆರೆದ ಬುಡ ಒಂದು. ತೊಳೆದ ಬೇರು ಒಂದು. ಬೇರಿನ ಪಕ್ಕ ಐದು ರೂಪಾಯಿ ನಾಣ್ಯ ಇಟ್ಟರೆ ಗಂಟಿನ ಗಾತ್ರ ತಿಳಿಯುತ್ತದೆ.

ರೈನ್‌ಕೋಟಿನೊಳಗಿಂದ ತೆಗೆದ ಫೋನಿನ ಲೆನ್ಸಿಗೆ ತೇವ ಹಿಡಿದಿರಬಹುದು. ಒಣ ಬಟ್ಟೆಯಲ್ಲಿ ಒರೆಸಿ ಎರಡು ನಿಮಿಷ ಬಿಟ್ಟು ತೆಗೆಯಿರಿ. ಫ್ಲ್ಯಾಶ್ ಬೇಡ, ಒದ್ದೆ ಎಲೆ ಮಿನುಗಿ ಚುಕ್ಕಿಯೇ ಕಾಣುವುದಿಲ್ಲ. ಎಲೆಯ ಹಿಂದೆ ಬಿಳಿ ಕಾಗದ ಹಿಡಿದು, ಪರದೆಯ ಮೇಲೆ ಚುಕ್ಕಿಯಿರುವ ಕಡೆ ಬೆರಳಿಟ್ಟು ಫೋಕಸ್ ಮಾಡಿ. ಕಪ್ಪು ಚುಕ್ಕಿಯ ಅಂಚು ಹಕ್ಕಿಯ ಗರಿಯ ಹಾಗೆ ಎಳೆಎಳೆಯಾಗಿ ಹರಡುತ್ತಿದ್ದರೆ ಅದು ಶೀಘ್ರ ಸೊರಗಿನ ಗುರುತು. ಕಂದು ಚುಕ್ಕಿಯ ಸುತ್ತ ಹಳದಿ ಬಳೆಯಿದ್ದರೆ ಬೇರೆ ರೋಗ. ಆ ಅಂಚು ಕಾಣದ ಫೋಟೊ ಹಾಕಿ ಪ್ರಯೋಜನವಿಲ್ಲ. ಕಳಿಸುವಾಗ ಎಚ್‌ಡಿ ಒತ್ತಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ಮನೆ ಕಳಿಸಿದರೆ ವಾಟ್ಸ್ಆ್ಯಪ್ ಚಿತ್ರವನ್ನು ಹಿಂಡಿಬಿಡುತ್ತದೆ.

ಕಾಫಿಗೆ ಬೇರೆ ಲೆಕ್ಕ. ಎಲೆ ತುಕ್ಕಿಗೆ ಅಡಿಭಾಗದ ಕಿತ್ತಳೆ ಪುಡಿ ಕಾಣಬೇಕು. ಕೊಳೆ ರೋಗಕ್ಕೆ ಕಪ್ಪಾಗಿ ಶಿಲೀಂಧ್ರದ ನೂಲಿಗೆ ನೇತಾಡುವ ಎಲೆ. ಕಾಯಿ ಕೊರಕಕ್ಕೆ ಕಾಯಿಯ ಹೊಕ್ಕುಳಲ್ಲಿರುವ ಸೂಜಿ ತೂತು. ಅರೇಬಿಕಾ ಗಿಡ ಬಾಡಿದರೆ ಕಾಂಡದ ಮೇಲಿನ ಉಬ್ಬು ಗೆರೆ, ಅದು ಬಿಳಿ ಕಾಂಡ ಕೊರಕ. ರೋಬಸ್ಟಾದ ಎಳೆ ರೆಕ್ಕೆ (ಕೊಂಬೆ) ಒಣಗಿದರೆ ರೆಕ್ಕೆಯ ಅಡಿಭಾಗ ತಿರುಗಿಸಿ ತೂತು ಹುಡುಕಿ. ಯಾವ ಕಾಫಿ ಎಂದು ಬರೆಯದೆ ‘ಕಾಫಿ ಒಣಗ್ತಿದೆ’ ಎಂದರೆ ಅರ್ಧ ಗುಂಪು ಕಾಂಡ ಕೊರಕದ ಮಾತಾಡುತ್ತದೆ, ಉಳಿದರ್ಧ ನೀರು ಬಿಡಿ ಎನ್ನುತ್ತದೆ.

ನಾಲ್ಕನೆಯದು: ಬರೆಯುವುದು

ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಯಾರೂ ಪೂರ್ತಿ ಕೇಳುವುದಿಲ್ಲ. ಹೀಗೆ ಬರೆಯಿರಿ:

‘ನಾಪೋಕ್ಲು ಹತ್ತಿರ. ಸಿಲ್ವರ್ ಮರದಲ್ಲಿ ಎಂಟು ವರ್ಷದ ಪಣಿಯೂರು ಬಳ್ಳಿ. ತಗ್ಗಿನಲ್ಲಿ ಹದಿನೈದು ಬಳ್ಳಿಗೆ ಬಂದಿದೆ, ದಿಬ್ಬದಲ್ಲಿ ಇಲ್ಲ. ಹತ್ತು ದಿನದಿಂದ. ಹೋದ ವಾರ ಒಂಬತ್ತು ಇಂಚು ಮಳೆ. ಮೇ ಕೊನೆಯಲ್ಲಿ ಬೋರ್ಡೋ ಒಂದು ಸಲ ಹೊಡೆದಿದೆ, ಬುಡಕ್ಕೆ ಏನೂ ಸುರಿದಿಲ್ಲ. ಬುಡ ಕೆರೆದರೆ ಕಪ್ಪು, ಬೇರಲ್ಲಿ ಗಂಟು ಇಲ್ಲ.’

(ಪಣಿಯೂರು ಎಂದರೆ ಕಾಳುಮೆಣಸಿನ ಒಂದು ತಳಿ, ಬೋರ್ಡೋ ಎಂದರೆ ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ.) ಇಷ್ಟಿದ್ದರೆ ತಿಳಿದವರಿಗೆ ಫೋಟೊಗೆ ಮೊದಲೇ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಊರಿನ ಹೆಸರು ಖಂಡಿತ ಇರಲಿ. ಭಾಗಮಂಡಲದ ಕಡೆಯ ಮಳೆಗೆ ಒಪ್ಪುವ ಸ್ಪ್ರೇ ಲೆಕ್ಕ ಕುಶಾಲನಗರದ ಕಡೆಗೆ ಒಪ್ಪುವುದಿಲ್ಲ. ತಿಂಗಳೂ ಮುಖ್ಯ. ಮಳೆಗಾಲದ ನಡುವೆ ದಿಢೀರನೆ ಎಲೆ ಉದುರಿಸಿದ ಬಳ್ಳಿ ಬೇರೆ. ಮಳೆ ನಿಂತು ಮಣ್ಣು ಒಣಗುವಾಗ ನಿಧಾನವಾಗಿ ಹಳದಿಯಾಗಿ, ಮುಂದಿನ ಮಳೆಗೆ ಕೊಂಚ ಚೇತರಿಸಿಕೊಂಡಂತೆ ತೋರಿ, ಮತ್ತೆ ಸೊರಗುವ ಬಳ್ಳಿ ಬೇರೆ. ಮೊದಲನೆಯದು ಶೀಘ್ರ ಸೊರಗು. ಎರಡನೆಯದು ನಿಧಾನ ಸೊರಗು, ಅದರಲ್ಲಿ ಜಂತುಹುಳುವಿನ ಪಾಲು ದೊಡ್ಡದು, ಬರೀ ಕಾಪರ್ ಹೊಡೆದರೆ ದುಡ್ಡು ದಂಡ. ರೇಟಿನ ಚರ್ಚೆ ಕಾವೇರಿರುವಾಗ ಹಾಕಬೇಡಿ, ಪ್ರಶ್ನೆ ಮುಳುಗಿಹೋಗುತ್ತದೆ.

ಐದನೆಯದು: ಉತ್ತರ ಜರಡಿ ಹಿಡಿಯುವುದು

ನಿಮಗೇ ಒಂದು ಪ್ರಶ್ನೆ ತಿರುಗಿ ಕೇಳಿದವರ ಮಾತಿಗೆ ಹೆಚ್ಚು ಬೆಲೆ ಕೊಡಿ. ಏನೂ ಕೇಳದೆ ಔಷಧಿಯ ಹೆಸರು ಎಸೆದವರಿಗೆ ಕೈಮುಗಿದು ಮುಂದೆ ಹೋಗಿ.

‘ಒಂದು ಮುಚ್ಚಳ ಹಾಕಿ’ ಎಂಬುದು ಅಳತೆಯಲ್ಲ. ಬ್ರ್ಯಾಂಡ್ ಹೆಸರು ಮಾತ್ರ ಹೇಳಿದರೆ ಡಬ್ಬಿಯ ಮೇಲಿನ ರಾಸಾಯನಿಕದ ಹೆಸರೂ ಶೇಕಡಾ ಲೆಕ್ಕವೂ ಕೇಳಿ. ಅಂಗಡಿಯಲ್ಲಿ ‘ಅದೇ ಸಾರ್, ಕಂಪನಿ ಮಾತ್ರ ಬೇರೆ’ ಎಂದು ಕೊಡುವುದು ಬಹಳ ಸಲ ಅದೇ ಆಗಿರುವುದಿಲ್ಲ. ಶೇಕಡಾವನ್ನು ಬ್ಯಾರಲ್‌ಗೆ ಇಳಿಸುವುದು ಸುಲಭ: ಶೇ 0.2 ಎಂದರೆ ಲೀಟರಿಗೆ 2 ಗ್ರಾಂ, 200 ಲೀಟರ್ ಬ್ಯಾರಲ್‌ಗೆ 400 ಗ್ರಾಂ. ಬುಡಕ್ಕೆ ಸುರಿಯುವ ಕಾಪರ್ ಆಕ್ಸಿಕ್ಲೋರೈಡ್‌ಗೆ ಇದೇ ಲೆಕ್ಕ, ಬಳ್ಳಿಗೆ 5ರಿಂದ 10 ಲೀಟರ್. ಶೀಘ್ರ ಸೊರಗಿಗೇ ಬಳಸುವ ಪೊಟ್ಯಾಸಿಯಂ ಫಾಸ್ಫೋನೇಟ್ ಶೇ 0.3 ಎಂದರೆ ಬ್ಯಾರಲ್‌ಗೆ 600 ಮಿಲಿ. ಬೋರ್ಡೋ ಶೇ 1 ಎಂದರೆ ಬ್ಯಾರಲ್‌ಗೆ 2 ಕೆಜಿ ಮೈಲುತುತ್ತು, 2 ಕೆಜಿ ಸುಣ್ಣ.

ಬೋರ್ಡೋ ‘ಕೆಲಸ ಮಾಡಲಿಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಸುಣ್ಣ ಇರುತ್ತದೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತು ಗಾಳಿಗೇ ಪುಡಿಯಾದ ಸುಣ್ಣ ಬೇಡ, ನೀರು ಹಾಕಿದರೆ ಕುದಿಯುವಂಥ ಗಟ್ಟಿ ಸುಟ್ಟ ಸುಣ್ಣ ತನ್ನಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ಕಲಕುತ್ತಾ ಹೊಯ್ಯಿರಿ. ಹಳೇ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಅಂದೇ ಹೊಡೆದು ಮುಗಿಸಿ. ರೆಡಿಮೇಡ್ ಬೋರ್ಡೋ ಪೌಡರ್ ಅವಸರಕ್ಕೆ ಆಗಬಹುದು, ಆದರೆ ಕೈಯಲ್ಲಿ ಮಾಡಿದ್ದರ ಹಿಡಿತ ಅದಕ್ಕಿಲ್ಲ.

ಎರಡು ಒಳ್ಳೆಯ ಸಲಹೆ ಕೂಡಿ ಕೆಡುವುದೂ ಉಂಟು. ಒಬ್ಬರು ಕಾಪರ್ ಸುರಿ ಎನ್ನುತ್ತಾರೆ, ಇನ್ನೊಬ್ಬರು ಕಾಂಪೋಸ್ಟ್ ಜೊತೆ ಬಳ್ಳಿಗೆ 50 ಗ್ರಾಂ ಟ್ರೈಕೋಡರ್ಮ ಹಾಕು ಎನ್ನುತ್ತಾರೆ. ಇಬ್ಬರ ಮಾತೂ ಸರಿ. ಒಂದೇ ವಾರ ಎರಡನ್ನೂ ಮಾಡಿದರೆ ಮಾತ್ರ ಕಾಪರ್ ಆ ಟ್ರೈಕೋಡರ್ಮವನ್ನೇ ಕೊಲ್ಲುತ್ತದೆ. ರೋಗ ತಡೆಯಲು ಹಾಕುವ ಟ್ರೈಕೋಡರ್ಮವೂ ಒಂದು ಶಿಲೀಂಧ್ರವೇ ತಾನೆ. ಯಾವುದು ಮೊದಲು, ನಡುವೆ ಎಷ್ಟು ವಾರ ಎಂದು ಕೇಳದೆ ಎರಡನ್ನೂ ಒಟ್ಟಿಗೆ ತರಬೇಡಿ.

ಇನ್ನು ವರ್ಷ ವರ್ಷ ಸುತ್ತುವ ಫಾರ್ವರ್ಡ್‌ಗಳು. ಜಂತುಹುಳುವಿಗೆ ಫೋರೇಟ್ ಹಾಕಿ ಎಂಬ ಸಂದೇಶ ಇನ್ನೂ ಬರುತ್ತಿರುತ್ತದೆ. 2020ರ ಕೊನೆಯಿಂದ ದೇಶದಲ್ಲಿ ಅದರ ಬಳಕೆಗೇ ನಿಷೇಧವಿದೆ. ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ 2011ರಲ್ಲೇ ತಡೆ ಹಾಕಿದೆ. ‘ನಮ್ಮ ಗೋಡೌನಲ್ಲಿ ಹಳೇ ಸ್ಟಾಕ್ ಇದೆ, ಬೇಕಾ?’ ಎಂದು ಪ್ರೀತಿಯಿಂದ ಕೇಳುವವರಿಗೆ ನಯವಾಗಿ ಬೇಡ ಎನ್ನಿ.

ಆರನೆಯದು: ಗೊಂದಲವಾದರೆ ಮಣ್ಣು ಕಟ್ಟಿ

ಗುಂಪಿನ ಉತ್ತರ ಎರಡು ಬಣವಾದರೆ ಮೂರನೆಯವರಿಗೆ ಕಾಯಬೇಡಿ. ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರವಿದೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ. ಬಾಡುತ್ತಿರುವ ಬಳ್ಳಿಯ ಮಾದರಿ ಒಯ್ಯಿರಿ, ಪೂರ್ತಿ ಸತ್ತದ್ದರಲ್ಲಿ ಕಾಯಿಲೆಯ ಮೇಲೆ ಬೂಸ್ಟು ಬೆಳೆದು ಏನೂ ತಿಳಿಯುವುದಿಲ್ಲ. ಬೇರನ್ನು ಅದರ ಹಸಿ ಮಣ್ಣಿನ ಸಮೇತ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಎಲೆಯನ್ನು ಪೇಪರಿನಲ್ಲಿ ಬೇರೆಯಾಗಿ ಸುತ್ತಿ. ಮಣ್ಣು ಒಣಗಿದರೆ, ಇಲ್ಲವೇ ಬಿಸಿಲಿಗೆ ನಿಂತ ಜೀಪಿನಲ್ಲಿ ಬೆಂದರೆ, ಜಂತುಹುಳು ಸತ್ತು ‘ಏನೂ ಇಲ್ಲ’ ಎಂಬ ವರದಿ ಬರುತ್ತದೆ. ಕವರಿನ ಮೇಲೆ ಊರು, ತಾರೀಕು, ಹಿಂದೆ ಹಾಕಿದ ಔಷಧಿ ಬರೆದಿರಲಿ.

ಕೊನೆಯದು: ಏನಾಯಿತೆಂದು ಹೇಳುವುದು

ಇದನ್ನು ಮಾಡುವವರು ಬಹಳ ಕಮ್ಮಿ. ಕೇಳಿದ ದಿನವೇ ಆ ಬಳ್ಳಿಯ ಮರಕ್ಕೆ ಪೇಂಟಿನಲ್ಲಿ ಒಂದು ಗುರುತು ಹಾಕಿ. ಮೂರು ವಾರ ಬಿಟ್ಟು ಅದೇ ಜಾಗದಲ್ಲಿ ನಿಂತು ಫೋಟೊ ತೆಗೆದು, ಹಳೆಯ ಸಂದೇಶಕ್ಕೇ ರಿಪ್ಲೈ ಮಾಡಿ: ಏನು ಹಾಕಿದಿರಿ, ಎಷ್ಟು, ಎಷ್ಟು ಬಳ್ಳಿ ಉಳಿಯಿತು. ಉಳಿಯದಿದ್ದರೆ ಅದನ್ನೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷವೂ ಅದೇ ಸಲಹೆ ಅದೇ ಧೈರ್ಯದಲ್ಲಿ ಬರುತ್ತದೆ. ಸತ್ತ ಬಳ್ಳಿಯನ್ನು ನೆಲಕ್ಕೆ ಹರಿದ ಹಂಬು, ಬೇರು ಸಮೇತ ಕಿತ್ತು ತೋಟದ ಹೊರಗೆ ಸುಡಿ. ಕಾಫಿ ಸಾಲಿನ ನಡುವೆ ಎಸೆಯಬೇಡಿ, ಆ ಗುಂಡಿಗೆ ಅದೇ ಮಳೆಗಾಲದಲ್ಲಿ ಹೊಸ ಬಳ್ಳಿಯನ್ನೂ ನೆಡಬೇಡಿ.