ಬಾಣೆಯಲ್ಲಿ ಬೀಕನ್ ಹುಡುಕಾಟ: ನನ್ನ ಅನುಭವ

ಹಿಮವೇ ಬೀಳದ ಕೊಡಗಿನಲ್ಲಿ ಹಿಮಕುಸಿತದ ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ಮೈಗೆ ಕಟ್ಟಿಕೊಳ್ಳುವ, ಸಿಗ್ನಲ್ ಕಳಿಸಿ ಹಿಡಿಯುವ ಸಾಧನ) ಅಭ್ಯಾಸ ಮಾಡಲಾಗದು ಎಂದವರೇ ಹೆಚ್ಚು. ಆಗುತ್ತದೆ, ನಮ್ಮ ಬಾಣೆಯಲ್ಲೇ (ಗುಡ್ಡದ ಇಳಿಜಾರು ಜಾಗ). ಕಳೆದ ಚಳಿಗಾಲ ಗುಲ್ಮಾರ್ಗ್‌ನಲ್ಲಿ ಗೈಡ್ ಹೂತಿಟ್ಟ ಎರಡು ಬೀಕನ್‌ಗಳಿಗೂ ಮೊದಲು ಪ್ರೋಬ್ (ಚುಚ್ಚಿ ನೋಡುವ ಉದ್ದ ಕೋಲು) ತಾಗಿಸಿದ್ದು ನಾನು, ಹೆಚ್ಚುಕಮ್ಮಿ ನಾಲ್ಕು ನಿಮಿಷದಲ್ಲಿ. ಪ್ರತಿವರ್ಷ ಆಲ್ಪ್ಸ್‌ಗೆ ಹೋಗಿಬರುವವರೂ ಆ ಗುಂಪಿನಲ್ಲಿದ್ದರು.

ದುಡ್ಡು ಸಾಕಷ್ಟು ಹೋಗಿದೆ. ಮೊದಲು ಕೊಂಡದ್ದು ಎರಡು ಆಂಟೆನಾದ ಹಳೇ ಬೀಕನ್, ಸೆಕೆಂಡ್ ಹ್ಯಾಂಡ್, ಹನ್ನೊಂದು ಸಾವಿರದ ಹತ್ತಿರ. ದೂರದಿಂದ ಚೆನ್ನಾಗಿಯೇ ಎಳೆದೊಯ್ಯುತ್ತಿತ್ತು. ಹೂತದ್ದು ಆಳದಲ್ಲಿ ನೆಟ್ಟಗೆ ನಿಂತಿದ್ದರೆ ಮಾತ್ರ ಕೊನೆಗೆ ಕೈಕೊಡುತ್ತಿತ್ತು: ತೆರೆಯ ಮೇಲೆ ಇಲ್ಲಿ 1.8 ಮೀಟರ್, ಎರಡು ಹೆಜ್ಜೆ ಆಚೆ ಮತ್ತೆ 1.8, ನಡುವೆ 2.6. ನಿಜವಾದ ಜಾಗ ಆ ನಡುವೆಯೇ! ಆಮೇಲೆ ಮೂರು ಆಂಟೆನಾದ ಹೊಸವು ಎರಡು, ಒಂದೊಂದಕ್ಕೂ ಮೂವತ್ತು ಸಾವಿರದ ಮೇಲೆ. ಪ್ರೋಬ್, ಸಲಿಕೆ ಸೇರಿ ಲಕ್ಷ ಮುಟ್ಟಿತು. "ಈ ದುಡ್ಡಿಗೆ ಕಳೆ ಹೊಡೆಯೋ ಮಿಷನ್ ಎಷ್ಟು ಬರ್ತಿತ್ತು ಮಾರಾಯ" ಅಂದರು ಮಾವ.

ಡಬ್ಬಿಯ ಮೇಲಿನ 50 ಮೀಟರ್, 70 ಮೀಟರ್ ರೇಂಜ್ ನೋಡಿ ಕೊಳ್ಳಬೇಡಿ. ಮೂರು ಮೀಟರ್ ಒಳಗೆ ಬಂದ ಮೇಲೆ ಅಂಕೆ ತಡವರಿಸುತ್ತದೆಯೇ, ಸಿಕ್ಕ ಒಂದನ್ನು ಮಾರ್ಕ್ ಮಾಡಿದರೆ (ಅದರ ಸಿಗ್ನಲ್ ಬದಿಗಿಟ್ಟರೆ) ಇನ್ನೊಂದರತ್ತ ಹೊರಳುತ್ತದೆಯೇ, ದಪ್ಪ ಗ್ಲೌಸ್‌ನಲ್ಲಿ ಸ್ವಿಚ್ ಸಿಗುತ್ತದೆಯೇ, ಇಷ್ಟು ನೋಡಿ.

ಜಾಗವೂ ಸುಲಭಕ್ಕೆ ಸಿಗಲಿಲ್ಲ. ಕಣದ ಪಕ್ಕದ ಕಾಫಿ ಸಿಪ್ಪೆ ರಾಶಿ ಕೆಲಸಕ್ಕೆ ಬರಲಿಲ್ಲ. ಆನೆಗೆಂದು ಹಾಕಿದ ಸೋಲಾರ್ ಬೇಲಿ ಟಕ್ ಎಂದಾಗಲೆಲ್ಲ ಬೀಕನ್ನಿನ ಬಾಣ ದಿಕ್ಕು ತಪ್ಪುತ್ತಿತ್ತು. ಬೇಲಿ ಆಫ್ ಮಾಡುವ ಮಾತೇ ಇಲ್ಲ. ಕೊನೆಗೆ ಆಳುಗಳ ಲೈನ್ ಮನೆ, ಕರೆಂಟ್ ಕಂಬಗಳಿಂದ ದೂರದ ಬಾಣೆಯ ಇಳಿಜಾರಿನಲ್ಲಿ ಸಿಪ್ಪೆ, ದರಗು (ಒಣಗಿದ ಎಲೆ) ಎದೆಮಟ್ಟ ಹರಡಿಸಿದೆ. ಟ್ರ್ಯಾಕ್ಟರ್, ಆಳು ಸೇರಿ ಎಂಟೊಂಬತ್ತು ಸಾವಿರ; ವರ್ಷ ಕಳೆದ ಮೇಲೆ ಅದೇ ಗಿಡಕ್ಕೆ ಗೊಬ್ಬರ. 457 ಕಿಲೋಹರ್ಟ್ಸ್ ಸಿಗ್ನಲ್‌ಗೆ ಹಿಮವಾದರೇನು, ದರಗಾದರೇನು. ಜುಲೈ ಮಳೆಯಲ್ಲಿ ರಾಶಿ ತೊಪ್ಪೆಯಾದಾಗಲೂ ಅಳೆದು ನೋಡಿದೆ, ಸಿಗ್ನಲ್ ಹಿಡಿಯುವ ದೂರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಜೇಬಿನ ಮೊಬೈಲ್ ಮಾತ್ರ ಎಲ್ಲ ಕೆಡಿಸಿತು. ಹುಡುಕುವಾಗ ಅದು ಬೀಕನ್‌ನಿಂದ 50 ಸೆಂಟಿಮೀಟರ್ ಆಚೆಗಿರಲಿ. ನಾನು ಆಫ್ ಮಾಡಿ ಬ್ಯಾಗಿಗೆ ಹಾಕುತ್ತೇನೆ.

ಹೂಳುವುದು ನಮ್ಮ ಮೇಸ್ತ್ರಿ. "ಸಾಹುಕಾರ್ರೇ, ಆ ಕಡೆ ತಿರುಗಿ" ಎಂದು, ದರಗು ತುಂಬಿದ ಗೋಣಿಚೀಲದೊಳಗೆ ಬೀಕನ್ ಇಟ್ಟು ಹೂತು, ಗುರುತು ಸಿಗದಂತೆ ಮೇಲೆಲ್ಲ ಕೆದರಿ ಬಿಡುತ್ತಾರೆ. ನಾನು ಬೀಕನ್ ರಾಶಿಗೆ ತಾಗುವಷ್ಟು ಬಗ್ಗಿ, ತಿರುಗಿಸದೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಸರಿಸುತ್ತೇನೆ. 2.1, 1.7, 1.2, ಮತ್ತೆ 1.6. ಹಿಂದಕ್ಕೆ. ಆ 1.2ರಿಂದ ಶುರುಮಾಡಿ 25 ಸೆಂಟಿಮೀಟರಿಗೊಂದರಂತೆ ಸುರುಳಿಯಾಗಿ ಪ್ರೋಬ್. ನೆಲಕ್ಕೆ ತಾಗಿದರೆ ಗಟ್ಟಿಯಾಗಿ ನಿಲ್ಲುತ್ತದೆ, ಚೀಲವಾದರೆ ಮೆತ್ತಗೆ ಹಿಂದಕ್ಕೆ ತಳ್ಳುತ್ತದೆ, ಅಂಗೈಗೇ ಗೊತ್ತಾಗುತ್ತದೆ. ಪ್ರೋಬ್ ಕೀಳದೆ ಇಳಿಜಾರಿನ ಕೆಳಗಿನಿಂದ ಅಗೆಯಬೇಕು. ಹೊತ್ತು ನುಂಗುವುದು ಈ ಅಗೆತವೇ: ಶುರುವಿನಲ್ಲಿ ಇಪ್ಪತ್ತು ನಿಮಿಷ, ಈಗ ಇಬ್ಬರು ಸೇರಿದರೆ ಏಳೆಂಟು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಕಾಲು ಗಂಟೆ ದಾಟಿದರೆ ಜರ್ರನೆ ಇಳಿಯುತ್ತದೆ, ಹಾಗಾಗಿ ಬೀಕನ್ನಿನಷ್ಟೇ ಸಲಿಕೆಯನ್ನೂ ಅಭ್ಯಾಸ ಮಾಡಿ.

ಎರಡು ಬೀಕನ್ ತೀರಾ ಒತ್ತಟ್ಟಿಗಿದ್ದು ಮಾರ್ಕ್ ಸೋತರೆ ನಾನು ಹಾಕುವ ಹೆಜ್ಜೆಯ ಕ್ರಮ ಒಂದಿದೆ. ಅದು ಬಾಣೆಗೇ ಬಂದು ಅಗೆಯುವವರಿಗೆ.

ನನ್ನವಕ್ಕೆ ಅಲ್ಕಲೈನ್ ಸೆಲ್ಲೇ ಆಗಬೇಕು. ನಮ್ಮ ಮಳೆಗಾಲದ ತೇವಕ್ಕೆ ಸೆಲ್ ಒಳಗೇ ಬಿಟ್ಟರೆ ಸೋರಿ ಕಾಂಟ್ಯಾಕ್ಟ್ ಹಸಿರುಗಟ್ಟುತ್ತದೆ, ಅದಕ್ಕೆ ಅಭ್ಯಾಸ ಮುಗಿದ ದಿನವೇ ತೆಗೆದಿಡುತ್ತೇನೆ. ಗುಲ್ಮಾರ್ಗ್‌ಗೆ ಹೊಸ ಸೆಲ್. ಬಾಣೆಯಲ್ಲಿ ಸವೆದವು ಟಾರ್ಚಿಗೆ.