ಎರಡು ವಾರದಲ್ಲಿ ಬಿಟ್ಟ ಮಾತ್ರೆ

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್. ನೋಟು ಎಣಿಸುವಾಗ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ಕಟ್ಟು, ಮೆಷಿನ್ನು, ಸ್ಕ್ರೀನು, ಎದುರಿಗಿರುವವರ ಮುಖ, ಮತ್ತೆ ಕಟ್ಟು. 2022ರ ಅಕ್ಟೋಬರಿನಲ್ಲಿ ಒಂದು ದಿನ ಹೀಗೆ ಕಣ್ಣು ತಿರುಗಿಸಿದಾಗ ತಲೆಯೊಳಗೆ ಚಟ್ ಅಂತ ಏನೋ ಹೊಡೆಯಿತು. ನೋವಲ್ಲ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದರೆ ಕೈ ಜುಮ್ ಅನ್ನುತ್ತದಲ್ಲ, ಅದೇ ತಲೆಯೊಳಗೆ ಆದ ಹಾಗೆ. ಅರ್ಧ ಸೆಕೆಂಡು, ಅಷ್ಟೇ. ಮತ್ತೆ ಕಣ್ಣು ತಿರುಗಿಸಿದೆ, ಮತ್ತೆ ಚಟ್. ಊಟದ ಹೊತ್ತಿಗೆ ಲೆಕ್ಕ ಇಡುವುದನ್ನೇ ಬಿಟ್ಟಿದ್ದೆ.

ನಾನು ಮಾತ್ರೆ ಪೂರ್ತಿ ನಿಲ್ಲಿಸಿ ಅದು ಮೂರನೇ ದಿನ. ಆದರೆ ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆಯಲೇ ಇಲ್ಲ.

ಮಾತ್ರೆಯ ಹೆಸರು ವೆನ್ಲಾಫ್ಯಾಕ್ಸಿನ್, ಡಿಪ್ರೆಶನ್ನಿಗೆ ಕೊಡುವಂಥದ್ದು. ದಿನಕ್ಕೆ 75 ಮಿಲಿಗ್ರಾಂ, ಒಂಬತ್ತು ವರ್ಷ. 2013ರಲ್ಲಿ ಅಪ್ಪ ತೀರಿಕೊಂಡರು. ಅದೇ ವರ್ಷ ನನ್ನನ್ನು ದೂರದ ಬ್ರಾಂಚಿಗೆ ಹಾಕಿದರು. ಬಾಡಿಗೆ ರೂಮಿನಲ್ಲಿ ಒಬ್ಬನೇ ಇದ್ದೆ. ನಿಧಾನವಾಗಿ, ಏಳೆಂಟು ತಿಂಗಳಲ್ಲಿ, ಊಟದ ರುಚಿ ಹೋಯಿತು, ಬೆಳಿಗ್ಗೆ ಏಳಬೇಕು ಅನ್ನುವುದು ಹೋಯಿತು, ಕೊನೆಗೆ ಬದುಕಬೇಕು ಅನ್ನುವುದೂ ಹೋಗತೊಡಗಿತು. ಆಗ ಈ ಮಾತ್ರೆ ನನ್ನನ್ನು ಉಳಿಸಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ ಯಾರಾದರೂ ತಮ್ಮ ಮಾತ್ರೆಯನ್ನು ಡಸ್ಟ್‌ಬಿನ್ನಿಗೆ ಹಾಕಿಯಾರು.

ಮಾತ್ರೆ ಬರೆದುಕೊಟ್ಟ ಡಾಕ್ಟರು ಎರಡು ವರ್ಷದ ಮೇಲೆ ಊರು ಬಿಟ್ಟರು. ನಾನು ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಗೊಳ್ಳುತ್ತಾ ಹೋದೆ. ಹಾಸನಕ್ಕೆ ವರ್ಗವಾಗಿ ಬಂದ ಮೇಲೂ ಅಷ್ಟೇ. ಚೀಟಿ ಮಡಚಿದಲ್ಲೆಲ್ಲ ಹರಿದು ನಾಲ್ಕು ತುಂಡಾಗಿತ್ತು. ಸೆಲ್ಲೋಟೇಪ್ ಹಚ್ಚಿಟ್ಟುಕೊಂಡಿದ್ದೆ.

2022ರಲ್ಲಿ ಬಿಪಿ ಜಾಸ್ತಿ ಬಂತು. ಈ ಮಾತ್ರೆಗೆ ಬಿಪಿ ಏರಿಸುವ ಗುಣ ಇದೆ. ಬೆವರು ಬೇರೆ ವಿಪರೀತ. ಅಮ್ಮ ಅಂತೂ ವರ್ಷಗಳಿಂದ, "ಎಷ್ಟು ದಿನ ಅಂತ ಅದನ್ನ ನುಂಗ್ತೀಯೋ? ಚೆನ್ನಾಗೇ ಇದ್ದೀಯಲ್ಲ" ಅನ್ನುತ್ತಿದ್ದಳು. ಬಿಪಿ ನೋಡಿದ ಡಾಕ್ಟರು ಚೀಟಿಯ ಮೇಲೆ ಎರಡು ಸಾಲು ಬರೆದರು: ಒಂದು ವಾರ 37.5, ಇನ್ನೊಂದು ವಾರ ಅದೇ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸಿ. ನನಗೆ ಖುಷಿಯೇ ಆಯಿತು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಯಾವಾಗಲೋ ಬಿಡುತ್ತಿದ್ದೆ ಅಂದುಕೊಂಡೆ.

ದಿನ ಬಿಟ್ಟು ದಿನ ಅನ್ನುವುದು ಕೇಳುವುದಕ್ಕೆ ಅರ್ಧ ಡೋಸಿನ ಹಾಗೆ ಇದೆ. ಈ ಮಾತ್ರೆಯ ಮಟ್ಟಿಗೆ ಹಾಗಲ್ಲ ಅಂತ ಆಮೇಲೆ ಗೊತ್ತಾಯಿತು. ರಕ್ತದಲ್ಲಿ ವೆನ್ಲಾಫ್ಯಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಸಾಕು. ದೇಹದೊಳಗೆ ಅದರಿಂದ ಹುಟ್ಟುವ, ಅದರಷ್ಟೇ ಕೆಲಸ ಮಾಡುವ ಇನ್ನೊಂದು ರೂಪಕ್ಕೆ ಸುಮಾರು 11 ಗಂಟೆ. ಎರಡು ದಿನಕ್ಕೊಂದು ನುಂಗಿದರೆ ಮೆದುಳಿಗೆ ಒಂದು ದಿನ ಹಬ್ಬ, ಮರುದಿನ ಉಪವಾಸ. ಇದೇ ಕಾಯಿಲೆಗೆ ಕೊಡುವ ಫ್ಲೂಆಕ್ಸೆಟಿನ್ ದೇಹ ಬಿಟ್ಟು ಹೋಗುವುದಕ್ಕೆ ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಅದಕ್ಕೇ ಅದನ್ನು ಬಿಡುವಾಗ ಸಾಮಾನ್ಯವಾಗಿ ಇಷ್ಟು ಏಟು ಬೀಳುವುದಿಲ್ಲ. ವೆನ್ಲಾಫ್ಯಾಕ್ಸಿನ್, ಅದೇ ಗುಂಪಿನ ಇನ್ನೊಂದು ಮಾತ್ರೆ ಪ್ಯಾರಾಕ್ಸೆಟಿನ್, ಎರಡೂ ಬಿಡುವಾಗ ಕಾಡುವುದರಲ್ಲಿ ಹೆಸರುವಾಸಿ.

ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯುವ ಸಮಯ. ಮನೆ ತುಂಬ ನೆಂಟರು. ನಾನು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದೆ. ತಲೆ ಸುತ್ತು, ವಾಕರಿಕೆ, ಜ್ವರ ಇಲ್ಲದೆ ಜ್ವರದ ಮೈಕೈ. ರಾತ್ರಿ ಕಣ್ಣು ಮುಚ್ಚಿದರೆ ಸಿನಿಮಾಕ್ಕಿಂತ ಸ್ಪಷ್ಟವಾದ ಕನಸು. ಅಪ್ಪ ಬಂದು ಕ್ಯಾಷ್ ಕೌಂಟರಿನಲ್ಲಿ ಕೂತು, "ಲೆಕ್ಕ ತಪ್ಪಿದೆ ಕಣೋ" ಅನ್ನುತ್ತಿದ್ದರು. ಬೆಳಿಗ್ಗೆ ಟಿವಿಯಲ್ಲಿ ಸೋಪಿನ ಜಾಹೀರಾತು ನೋಡಿ ಅತ್ತುಬಿಟ್ಟೆ. ಅದೇ ದಿನ ಸಂಜೆ, ಪಾಸ್‌ಬುಕ್ ಎಂಟ್ರಿ ಕೇಳಿದ ಅಜ್ಜಿಯೊಬ್ಬರ ಮೇಲೆ ಕೂಗಾಡಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಹಾಗೆ ಮಾಡಿದವನಲ್ಲ.

ಮುಂದಿನ ನಾಲ್ಕು ವಾರ ನಾನು ಅಲೆದ ಜಾಗಗಳು: ಕಿವಿ ಡಾಕ್ಟರು, ವರ್ಟಿಗೋ ಮಾತ್ರೆ ಕೊಟ್ಟರು. ಮೂಳೆ ಡಾಕ್ಟರು, ಕತ್ತಿಗೆ ಪಟ್ಟಿ ಹಾಕಿದರು. ಥೈರಾಯ್ಡ್, ಶುಗರ್, ಎಲ್ಲಾ ಸರಿ. ಚಿಕ್ಕಪ್ಪ ಒಂದು ಕಷಾಯ ತಂದುಕೊಟ್ಟರು. ಅಮ್ಮ ದೃಷ್ಟಿ ತೆಗೆದಳು. ಬಿಪಿ ಡಾಕ್ಟರ ಹತ್ತಿರ ವಾಪಸ್ ಹೋದಾಗ, "ನೋಡಿ, ಕಾಯಿಲೆ ತಿರುಗಿ ಬಂದಿದೆ. ನಿಮಗಿದು ಜೀವನಪೂರ್ತಿ ಬೇಕು. ಈ ಸಲ 150 ಶುರು ಮಾಡೋಣ" ಅಂದರು.

ಆ ಮಾತು ಕೇಳಿ ಕುಸಿದುಬಿಟ್ಟೆ. ತಲೆಯ ಶಾಕಿಗಿಂತ ಅದು ಜಾಸ್ತಿ ಹೊಡೆಯಿತು. ಆ ರಾತ್ರಿ ನನ್ನ ತಲೆಗೆ ಬಂದ ಯೋಚನೆಗಳನ್ನು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಗಮನಿಸಿದಳು. ಅವಳೇ ಫೋನು ತಗೊಂಡು 14416ಕ್ಕೆ ಮಾಡಿದಳು. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಆಗಷ್ಟೇ ಅಕ್ಟೋಬರ್ 10ಕ್ಕೆ ಶುರುವಾಗಿತ್ತು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆ ಇದ್ದ ಹುಡುಗಿ ಉಪದೇಶ ಮಾಡಲಿಲ್ಲ. ಮೊದಲು ನಾನು ಒಬ್ಬನೇ ಇದ್ದೇನಾ ಅಂತ ಕೇಳಿದಳು. ಆಮೇಲೆ, "ಸರ್, ಯಾವುದಾದರೂ ಮಾತ್ರೆ ಇತ್ತೀಚೆಗೆ ನಿಲ್ಲಿಸಿದ್ರಾ?" ಅಂದಳು. ಇಷ್ಟು ಜನರಲ್ಲಿ ಈ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಅವಳು. ಆದಷ್ಟು ಬೇಗ ಮನೋವೈದ್ಯರನ್ನೇ ಕಾಣಿ ಅಂತ ಹೇಳಿದಳು. ಮರುದಿನವೇ ಹೋದೆವು.

ಆ ಡಾಕ್ಟರು ನನ್ನ ಕಥೆ ಪೂರ್ತಿ ಕೇಳಿ, ತಮ್ಮ ಪೆನ್ನನ್ನು ನನ್ನ ಮುಖದ ಮುಂದೆ ಎಡಕ್ಕೂ ಬಲಕ್ಕೂ ಆಡಿಸಿದರು. "ಹೀಗೆ ಕಣ್ಣು ಹೊರಳಿಸಿದರೆ ಹೊಡೆಯುತ್ತಾ?" ಹೌದು ಅಂದೆ. "ಇದಕ್ಕೆ ಬ್ರೇನ್ ಝ್ಯಾಪ್ ಅಂತಾರೆ. ಇದು ಡಿಪ್ರೆಶನ್ ಅಲ್ಲ. ಮಾತ್ರೆ ಬೇಗ ಬಿಟ್ಟಿದ್ದಕ್ಕೆ." ನನಗೆ ಅಳು ಬಂತು. ಅದು ಬೇರೆ ಥರದ ಅಳು.

ಅವರು ಎರಡನ್ನೂ ಬೇರೆ ಮಾಡಿ ನೋಡಲು ಹೇಳಿಕೊಟ್ಟರು. 2013ರಲ್ಲಿ ಅದು ಬಂದಿದ್ದು ತಿಂಗಳುಗಟ್ಟಲೆ, ಮೆಲ್ಲಗೆ. ಈ ಸಲ ಬಂದಿದ್ದು ಮೂರನೇ ದಿನ. ಆಗ ಶಾಕ್ ಇರಲಿಲ್ಲ, ವಾಕರಿಕೆ ಇರಲಿಲ್ಲ, ತಲೆ ಸುತ್ತು ಇರಲಿಲ್ಲ. ಈಗ ಮೊದಲು ಬಂದಿದ್ದೇ ಮೈಯ ತೊಂದರೆ, ಮನಸ್ಸು ಹದಗೆಟ್ಟಿದ್ದು ಅದರ ಹಿಂದೆ. ಇನ್ನೊಂದು ಗುರುತು: ಮಾತ್ರೆ ವಾಪಸ್ ತಗೊಂಡರೆ ವಿತ್‌ಡ್ರಾಯಲ್, ಅಂದರೆ ಮಾತ್ರೆ ಬಿಟ್ಟಿದ್ದಕ್ಕೆ ಬರುವ ತೊಂದರೆ, ದಿನಗಳಲ್ಲೇ ತಗ್ಗುತ್ತದೆ, ಕಾಯಿಲೆ ಅಷ್ಟು ಬೇಗ ತಗ್ಗುವುದಿಲ್ಲ. 150 ಬೇಡ ಅಂದರು. 37.5ರ ಕ್ಯಾಪ್ಸೂಲು ಶುರು ಮಾಡಿಸಿದರು. ನಾಲ್ಕನೇ ದಿನ ನಾನು ಬಸ್ ಸ್ಟ್ಯಾಂಡಿನ ಎದುರು ರಸ್ತೆ ದಾಟಿದೆ. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಏನೂ ಹೊಡೆಯಲಿಲ್ಲ.

ಎರಡು ವಾರದ ಚೀಟಿ ಬರೆದವರ ಮೇಲೆ ಆಗ ತುಂಬಾ ಸಿಟ್ಟಿತ್ತು. ಈಗ ಅಷ್ಟಿಲ್ಲ. 2019ರ ಅಕ್ಟೋಬರ್ ತನಕ ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ದಾರಿ ಹೇಳುವ ನೈಸ್ ಸಂಸ್ಥೆಯ ಮಾರ್ಗಸೂಚಿಯಲ್ಲೇ ಈ ತೊಂದರೆ ಸಾಮಾನ್ಯವಾಗಿ ಸಣ್ಣದು, ಒಂದು ವಾರದಲ್ಲಿ ತಾನೇ ಹೋಗುತ್ತದೆ ಅಂತಿತ್ತು. ಆಮೇಲೆ ತಿದ್ದಿದರು. ಎಲ್ಲರಿಗೂ ಹೀಗಾಗುವುದೂ ಇಲ್ಲ. 2024ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಲೆಕ್ಕದಲ್ಲಿ, ಬಿಟ್ಟವರಲ್ಲಿ ಆರೇಳು ಜನಕ್ಕೆ ಒಬ್ಬರಿಗೆ ಮಾತ್ರೆಯಿಂದಲೇ ಬಂದ ತೊಂದರೆ ಕಾಣಿಸುತ್ತದೆ, ತೀವ್ರವಾಗಿ ಆಗುವುದು ಇನ್ನೂ ಕಡಿಮೆ ಜನಕ್ಕೆ. ಆ ಕಡಿಮೆ ಜನರಲ್ಲಿ ನಾನೊಬ್ಬ, ಅಷ್ಟೇ.

ಮೂರು ತಿಂಗಳು 37.5ರಲ್ಲೇ ನಿಂತೆ. ಮತ್ತೆ ಇಳಿಸುವ ಮೊದಲು ಡಾಕ್ಟರು ಚೀಟಿಯ ಹಿಂದೆ ಒಂದು ಗೆರೆ ಎಳೆದರು. ನೆಟ್ಟಗೆ ಇಳಿಯುವ ಗೆರೆಯಲ್ಲ. ಮೇಲೆ ಸಮತಟ್ಟು, ಕೊನೆಗೆ ಬಾವಿಯ ಹಾಗೆ ಕಡಿದು. ಸಿಟಾಲೊಪ್ರಾಂ ಅನ್ನುವ ಇನ್ನೊಂದು ಮಾತ್ರೆಯ ಲೆಕ್ಕ ಅದು. 20 ಮಿಲಿಗ್ರಾಂ ನುಂಗಿದರೆ ಮೆದುಳಿನಲ್ಲಿ ಅದು ಹಿಡಿಯಬೇಕಾದ ಜಾಗದ ಶೇಕಡಾ 80 ಹಿಡಿಯುತ್ತದೆ. ಡೋಸನ್ನು ಅರ್ಧ ಮಾಡಿದರೆ ಹಿಡಿತ 40ಕ್ಕೆ ಇಳಿಯುವುದಿಲ್ಲ, 70ರ ಆಸುಪಾಸಿನಲ್ಲೇ ಇರುತ್ತದೆ. 50ಕ್ಕೆ ಇಳಿಸಬೇಕೆಂದರೆ ಡೋಸು 3.4 ಮಿಲಿಗ್ರಾಂಗೆ ಬರಬೇಕು. ಅಂದರೆ ಮೇಲಿನ ಹತ್ತು ಮಿಲಿಗ್ರಾಂ ಬಿಟ್ಟರೆ ಮೆದುಳಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಕೊನೆಯ ಒಂದೆರಡು ಮಿಲಿಗ್ರಾಂ ಬಿಡುವುದೇ ದೊಡ್ಡ ಬೀಳು. ಇದನ್ನು 2019ರಲ್ಲಿ ಬರೆದವರು ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್. ಹೊರೊವಿಟ್ಜ್ ಸ್ವತಃ ಮನೋವೈದ್ಯಶಾಸ್ತ್ರ ಓದಿದವರು, ತಮ್ಮದೇ ಮಾತ್ರೆ ಬಿಡಲು ಹೋಗಿ ಒದ್ದಾಡಿದವರು. ಅದು ಕೇಳಿ ನನಗೆ ಸ್ವಲ್ಪ ಸಮಾಧಾನ ಆಯಿತು, ಸುಳ್ಳು ಹೇಳುವುದಿಲ್ಲ.

ತೊಂದರೆ ಏನೆಂದರೆ 37.5ಕ್ಕಿಂತ ಚಿಕ್ಕ ಕ್ಯಾಪ್ಸೂಲು ನಮ್ಮ ಅಂಗಡಿಗಳಲ್ಲಿ ಸಿಗಲಿಲ್ಲ. ಹಾಗಾಗಿ ಎಣಿಸಬೇಕಾಯಿತು.

ಕ್ಯಾಪ್ಸೂಲಿನ ಎರಡು ಟೋಪಿಗಳನ್ನು ಮೆಲ್ಲಗೆ ತಿರುಗಿಸಿ ಎಳೆದರೆ ಒಳಗೆ ಬಿಳಿ ಕಾಳುಗಳು, ಗಸಗಸೆಗಿಂತ ಚೂರು ದಪ್ಪ. ಮೊದಲ ಸಲ ಸ್ಟೀಲ್ ತಟ್ಟೆಗೆ ಸುರಿದೆ. ಅರ್ಧ ಕಾಳು ಉರುಳಿ ನೆಲಕ್ಕೆ ಹೋದವು. ಹೆಂಡತಿ ಬಂದು ನೋಡಿ, "ಏನ್ರೀ, ಗಸಗಸೆ ಪಾಯಸಾನಾ?" ಅಂದಳು. ಆಮೇಲೆ ಅವಳೇ ಉಪಾಯ ಹೇಳಿದಳು. ಹಳೇ ಮದುವೆ ಕಾಗದದ ದಪ್ಪ ಹಾಳೆ, ಕಡುಗೆಂಪು ಬಣ್ಣದ್ದು, ನಡುವೆ ಮಡಚಿದ್ದು. ಕೆಂಪಿನ ಮೇಲೆ ಬಿಳಿ ಕಾಳು ಎದ್ದು ಕಾಣುತ್ತದೆ, ಮಡಿಕೆಯ ಗೆರೆಯಲ್ಲಿ ಸಾಲಾಗಿ ನಿಲ್ಲುತ್ತದೆ. ಬೆಂಕಿಕಡ್ಡಿಯಿಂದ ಹತ್ತು ಹತ್ತು ತಳ್ಳಿ ಎಣಿಸುವುದು. ನನ್ನ ಕ್ಯಾಪ್ಸೂಲಿನಲ್ಲಿ ಇದ್ದದ್ದು ಸುಮಾರು 98 ಕಾಳು. ಒಂದರಲ್ಲಿ 96, ಇನ್ನೊಂದರಲ್ಲಿ 101. ದಿನವಿಡೀ ಐನೂರರ ನೋಟು ಎಣಿಸಿ ಬಂದು ರಾತ್ರಿ ಇದನ್ನು ಎಣಿಸುತ್ತಿದ್ದೆ.

ಡಾಕ್ಟರ ಲೆಕ್ಕ ಹೀಗಿತ್ತು: ತಿಂಗಳಿಗೊಮ್ಮೆ, ಆಗ ಇರುವ ಡೋಸಿನ ಶೇಕಡಾ 10 ಮಾತ್ರ ಇಳಿಸಬೇಕು. 98 ಇದ್ದದ್ದು 88. ಆಮೇಲೆ 79. ಆಮೇಲೆ 71. ಇಳಿಯುತ್ತಾ ಹೋದಂತೆ ಹೆಜ್ಜೆಯೂ ಚಿಕ್ಕದಾಗುತ್ತದೆ. ಉಳಿಸಿದ ಕಾಳನ್ನು ಅದೇ ಟೋಪಿಗೆ ತುಂಬಿ ನುಂಗುವುದು. ಜಗಿಯಬಾರದು, ಪುಡಿ ಮಾಡಲೇಬಾರದು. ಔಷಧ ದಿನವಿಡೀ ನಿಧಾನ ಬಿಡುವುದೇ ಆ ಕಾಳಿನ ಹೊರಪದರದಿಂದ. ಇದನ್ನು ನಿಮ್ಮ ಪಾಡಿಗೆ ನೀವು ಶುರು ಮಾಡಬೇಡಿ. ಎಲ್ಲಾ ಮಾತ್ರೆಗೂ ಇದು ನಡೆಯುವುದಿಲ್ಲ. ಒಂದು ಸಲ ಅಂಗಡಿಯವನು ಬೇರೆ ಕಂಪನಿಯದು ಕೊಟ್ಟ. ಬಿಚ್ಚಿದರೆ ಕಾಳೇ ಇಲ್ಲ, ಮೂರು ಪುಟಾಣಿ ಮಾತ್ರೆ! ಆವತ್ತು ರಾತ್ರಿ ಒಂಬತ್ತಕ್ಕೆ ಊರೆಲ್ಲ ಸುತ್ತಿದೆ. ಅಂದಿನಿಂದ ಎರಡು ತಿಂಗಳಿನದ್ದು ಒಟ್ಟಿಗೆ ತಂದಿಡುತ್ತೇನೆ.

ಪ್ರತಿ ಸಲ ಇಳಿಸಿದಾಗಲೂ ಮೂರನೇ ದಿನದಿಂದ ಹತ್ತನೇ ದಿನದ ತನಕ ಸ್ವಲ್ಪ ಕಷ್ಟ. ಹಾಗಾಗಿ ತಿಂಗಳ ಮೊದಲ ವಾರ, ಬ್ಯಾಂಕಿನಲ್ಲಿ ಪೆನ್ಷನ್ ಗದ್ದಲ ಇರುವಾಗ, ಇಳಿಸುತ್ತಿರಲಿಲ್ಲ. ಆ ದಿನಗಳಲ್ಲಿ ಬೈಕು ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಇದು ನನಗೆ ಮಾತ್ರೆಗಿಂತ ಕಷ್ಟವಾಯಿತು. ಸಾಲ, ಸೈಟು, ಜಗಳ, ಯಾವ ದೊಡ್ಡ ಮಾತೂ ಆ ವಾರ ಎತ್ತುವುದಿಲ್ಲ ಅಂತ ಮನೆಯಲ್ಲಿ ಒಪ್ಪಂದ. ಮ್ಯಾನೇಜರಿಗೂ ಹೇಳಿದೆ. ಹೇಗೆ ಹೇಳುವುದು ಅಂತ ಒಂದು ತಿಂಗಳು ಒದ್ದಾಡಿದ್ದೆ. ಅವರು ಕೇಳಿ, "ನನ್ನ ತಂಗೀನೂ ತಗೊಳ್ತಾಳೆ" ಅಂದರು, ಆ ವಾರಗಳಿಗೆ ಕೌಂಟರ್ ಬದಲಿಸಿ ಕೊಟ್ಟರು. ಒಂದು ಡೈರಿ ಇಟ್ಟಿದ್ದೇನೆ. ಕಾಳು ಎಷ್ಟು, ನಿದ್ದೆ ಎಷ್ಟು ಗಂಟೆ, ಶಾಕ್ ಬಂತಾ ಇಲ್ಲವಾ. ಮನಸ್ಸು ಹೇಗಿದೆ ಅಂತ ಬರೆಯಲು ಹೋಗಿದ್ದೆ, ಅದು ದಿನಾ ನನ್ನನ್ನೇ ಕೆದಕಿದ ಹಾಗಾಗುತ್ತಿತ್ತು, ಬಿಟ್ಟೆ. ಮೀನೆಣ್ಣೆ ಗುಳಿಗೆ, ವಿಟಮಿನ್ನು ಎಲ್ಲ ಮಾಡಿದೆ. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಸಂಜೆ ನಡೆದಾಡಿದ್ದರಿಂದ ಕಂಡಿತು.

ಬಂದದ್ದೆಲ್ಲ ವಿತ್‌ಡ್ರಾಯಲ್ ಅಂದುಕೊಳ್ಳುವುದೂ ತಪ್ಪೇ. 2024ರ ಮಳೆಗಾಲದಲ್ಲಿ, 31 ಕಾಳಿನಲ್ಲಿದ್ದಾಗ, ಶಾಕ್ ಇಲ್ಲ, ತಲೆ ಸುತ್ತಿಲ್ಲ, ಆದರೆ ಊಟ ರುಚಿಸುತ್ತಿಲ್ಲ. ಹಳೇ ಪರಿಚಯದ ನೆರಳು ಅದು. ನಾನು ಸುಮ್ನೆ ತಡೆದುಕೊಳ್ಳೋಣ ಅಂದುಕೊಂಡೆ. ಹೆಂಡತಿ ಬಿಡಲಿಲ್ಲ, ಎಳೆದುಕೊಂಡು ಹೋದಳು. ಡಾಕ್ಟರು 39ಕ್ಕೆ ಏರಿಸಿ ಐದು ತಿಂಗಳು ಅಲ್ಲೇ ನಿಲ್ಲಿಸಿದರು, ವಾರಕ್ಕೊಮ್ಮೆ ಕೌನ್ಸೆಲಿಂಗ್ ಸೇರಿಸಿದರು. ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕ ಅವತ್ತು ಹೇಳಿದರು. ವರ್ಷಗಟ್ಟಲೆ ಮಾತ್ರೆ ತಗೊಂಡು ಚೆನ್ನಾಗಿದ್ದವರಲ್ಲಿ, ನಿಲ್ಲಿಸಿದವರ ಪೈಕಿ ಶೇಕಡಾ 56 ಜನಕ್ಕೆ ಒಂದು ವರ್ಷದೊಳಗೆ ಡಿಪ್ರೆಶನ್ ಮರಳಿತ್ತು, ಮುಂದುವರಿಸಿದವರಲ್ಲಿ ಶೇಕಡಾ 39 ಜನಕ್ಕೆ. "ಬಿಡಲೇಬೇಕು ಅಂತ ಹಟ ಬೇಡ. ಇಪ್ಪತ್ತು ಕಾಳಿನಲ್ಲೇ ನೀವು ಆರಾಮಾಗಿದ್ದರೆ ಅದೂ ಒಂದು ಡೋಸೇ" ಅಂದರು. ಅಮ್ಮನಿಗೆ ಇದನ್ನು ಹೇಳಿದೆ. ಅವಳು ಯಾಕೋ ಈ ಸಲ ಏನೂ ಅನ್ನಲಿಲ್ಲ.

ಈಗ 11 ಕಾಳು. ಮಿಲಿಗ್ರಾಂ ಲೆಕ್ಕದಲ್ಲಿ 4ರ ಮೇಲೆ ಚೂರು. ಬಿಪಿ ಹಿಡಿತದಲ್ಲಿದೆ, ಬೆವರು ಕಡಿಮೆ. 11 ಎಣಿಸುವುದಕ್ಕೆ ಮಡಿಕೆಯ ಕಾಗದವೂ ಬೇಕಿಲ್ಲ, ಅಂಗೈಯೇ ಸಾಕು. ಆದರೂ ಹೆಂಡತಿ ತನ್ನ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಎಣಿಸುತ್ತಾಳೆ. ಮುಂದಿನ ತಿಂಗಳು 10ಕ್ಕೆ ಇಳಿಯಬೇಕಿತ್ತು. ಮಗಳ ಪಿಯುಸಿ ಪರೀಕ್ಷೆ ಮುಗಿಯುವ ತನಕ 11ರಲ್ಲೇ ಇರೋಣ ಅಂದಿದ್ದಾರೆ ಡಾಕ್ಟರು. ಸರಿ ಅಂದಿದ್ದೇನೆ.