ಸಿಯೆರಾ ನೆವಾಡಾ ಪೇಲ್ ಏಲ್ ನಕಲು: 20 ಲೀಟರಿನ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಬಿಯರ್ ಮಾಡುವ ನಮ್ಮ ಗುಂಪು ನಕಲು ಮಾಡುವ ಪಂದ್ಯಕ್ಕೆ ಆರಿಸಿಕೊಂಡದ್ದು ಸಿಯೆರಾ ನೆವಾಡಾ ಪೇಲ್ ಏಲ್. ಚೀಕೋ ಊರಿನಲ್ಲಿ 1980ರಿಂದ ತಯಾರಾಗುವ ಈ ಬಿಯರಿನಲ್ಲಿ ಬಚ್ಚಿಟ್ಟ ಗುಟ್ಟೇನೂ ಇಲ್ಲ: ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಕ್ಯಾರಮೆಲ್ ಮಾಲ್ಟ್, ಕ್ಯಾಸ್ಕೇಡ್ ಹಾಪ್ಸ್ (ಕಹಿ, ಪರಿಮಳ ಕೊಡುವ ಹೂವು), ಶೇ 5.6 ಆಲ್ಕೋಹಾಲ್, 38 ಐಬಿಯು (ಕಹಿಯ ಅಳತೆ) ಕಹಿ. ಎಲ್ಲ ಗೊತ್ತಿದ್ದೂ ನಕಲು ದಾರಿ ತಪ್ಪುತ್ತದೆ. ತಪ್ಪುವುದು ಹೆಚ್ಚಾಗಿ ರೆಸಿಪಿಯಲ್ಲಲ್ಲ, ಹೋಲಿಸಲು ತಂದ ಬಾಟಲಿಯಲ್ಲಿ. ಅಂಗಡಿಯ ಬಿಸಿಲಲ್ಲಿ ನಾಲ್ಕು ತಿಂಗಳು ಕೂತ ಬಾಟಲಿಯಲ್ಲಿ ಹಾಪ್ಸ್ ಪರಿಮಳ ಇಳಿದು ಕ್ಯಾರಮೆಲ್ ಸಿಹಿ ಮುಂದೆ ಬಂದಿರುತ್ತದೆ. ಅದನ್ನು ಕುಡಿದವರು ಕ್ರಿಸ್ಟಲ್ ಮಾಲ್ಟ್ (ಕ್ಯಾರಮೆಲ್ ಮಾಲ್ಟಿನದೇ ಇನ್ನೊಂದು ಹೆಸರು) ಜಾಸ್ತಿ ಸುರಿಯುತ್ತಾರೆ. ಪ್ಯಾಕಿಂಗ್ ತಾರೀಕು ನೋಡಿ, ತಿಂಗಳೊಳಗಿನ, ಫ್ರಿಜ್ಜಿನಲ್ಲೇ ಇದ್ದ ಬಾಟಲಿ ತನ್ನಿ.

ಫರ್ಮೆಂಟರಿಗೆ (ಹುದುಗಿಸುವ ಪಾತ್ರೆಗೆ) 20 ಲೀಟರ್ ಇಳಿಸಲು ನಾವು ಹಾಕುವುದು ಟೂ-ರೋ ಪೇಲ್ ಮಾಲ್ಟ್ 4.2 ಕೆಜಿ, ಕ್ರಿಸ್ಟಲ್ 60 ಮಾಲ್ಟ್ 400 ಗ್ರಾಂ. ಹಿಟ್ಟು ಮಾಡಬೇಡಿ. ಕಾಳು ಎರಡು ಮೂರು ತುಂಡಾಗಿ ಹೊಟ್ಟು ಇಡಿಯಾಗಿ ಉಳಿದರೆ ಸಾಕು. ಹೊಟ್ಟೇ ಆಮೇಲೆ ಜರಡಿ. 14 ಲೀಟರ್ ನೀರನ್ನು 73 ಡಿಗ್ರಿಗೆ ಕಾಯಿಸಿ ಮಾಲ್ಟ್ ಸುರಿದರೆ 67ಕ್ಕೆ ನಿಲ್ಲುತ್ತದೆ. ಒಂದು ಗಂಟೆ ಬಿಡಿ. ಆಮೇಲೆ ರಸ ಬಸಿದು, ಮಾಲ್ಟಿನಲ್ಲಿ ಉಳಿದ ಸಿಹಿಯನ್ನು ತೊಳೆಯುವ ನೀರು 77 ಡಿಗ್ರಿ ದಾಟಿದರೆ ಹೊಟ್ಟಿನ ಒಗರು ಇಳಿಯುತ್ತದೆ, ಅದನ್ನು ಮುಂದೆ ಯಾವ ಹಾಪ್ಸೂ ಮುಚ್ಚಲಾರದು. ಕುದಿಸಿ ತಣಿಸಿದ ಮೇಲೆ ಹೈಡ್ರೋಮೀಟರ್ (ರಸದ ಸಾಂದ್ರತೆ ಅಳೆಯುವ ಸಾಧನ) 1.051 ತೋರಿಸಬೇಕು, ಹುದುಗಿದ ಮೇಲೆ 1.011. ಲೆಕ್ಕಕ್ಕೆ ಇದು ಶೇ 5.2 ಅಷ್ಟೇ, ಮಿಕ್ಕ 0.4 ಗ್ಯಾಸ್ ಕಟ್ಟಲು ಬಾಟಲಿಗೆ ಹಾಕುವ ಸಕ್ಕರೆಯಿಂದ ಬರುತ್ತದೆ. ಇದನ್ನು ಮರೆತು 1.054ರಿಂದ ಶುರು ಮಾಡಿದವರ ಬಿಯರ್ ಅಸಲಿಗಿಂತ ಗಡುಸು.

ನೀರಿನ ವಿಷಯಕ್ಕೆ ಬಂದರೆ, ಕೊಳಾಯಿ ನೀರಿನ ಶುದ್ಧಿಗೆ ಬೆರೆಸುವ ಕ್ಲೋರಮೀನ್ ಕುದಿಸಿದರೂ ಸುಲಭಕ್ಕೆ ಹೋಗುವುದಿಲ್ಲ, ಬಿಯರಿಗೆ ಬ್ಯಾಂಡೇಜಿನ ವಾಸನೆ ಹತ್ತಿಸುತ್ತದೆ. 30 ಲೀಟರಿಗೆ ಅರ್ಧ ಕ್ಯಾಂಪ್ಡನ್ ಮಾತ್ರೆ (ಅದನ್ನು ತೆಗೆಯುವ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿ. ಆರ್‌ಓ ನೀರಾದರೆ 6 ಗ್ರಾಂ ಜಿಪ್ಸಮ್, 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್. ಜಿಪ್ಸಮ್ ಇಲ್ಲದೆ ಮಾಡಿದರೆ ಐಬಿಯು ಲೆಕ್ಕ ಸರಿಯಿದ್ದರೂ ಕಹಿ ಮೊಂಡಾಗಿರುತ್ತದೆ.

ಮುಚ್ಚಳ ತೆರೆದೇ 60 ನಿಮಿಷ ಕುದಿಸಿ; ಮುಚ್ಚಿದರೆ ಬೇಯಿಸಿದ ಮೆಕ್ಕೆಜೋಳದ ವಾಸನೆ ಉಳಿದುಬಿಡುತ್ತದೆ. ಕುದಿ ಹತ್ತಿದ ತಕ್ಷಣ ಮ್ಯಾಗ್ನಮ್ ಹಾಪ್ಸ್ (ಶೇ 12 ಆಲ್ಫಾ, ಅಂದರೆ ಕಹಿ ಕೊಡುವ ಆಮ್ಲ) 12 ಗ್ರಾಂ, ಮುಗಿಯಲು 30 ನಿಮಿಷವಿದ್ದಾಗ ಪರ್ಲ್ ಹಾಪ್ಸ್ (ಶೇ 8) 15 ಗ್ರಾಂ, 10 ನಿಮಿಷವಿದ್ದಾಗ ಕ್ಯಾಸ್ಕೇಡ್ (ಶೇ 6) 30 ಗ್ರಾಂ, ಉರಿ ಆರಿಸಿ ಇನ್ನೊಂದು 45 ಗ್ರಾಂ ಹಾಕಿ 15 ನಿಮಿಷ ಬಿಟ್ಟು ತಣಿಸಿ. ಪೊಟ್ಟಣದ ಮೇಲಿನ ಆಲ್ಫಾ ಬೇರೆಯಿದ್ದರೆ ಮ್ಯಾಗ್ನಮ್ ಮಾತ್ರ ಹೆಚ್ಚುಕಡಿಮೆ ಮಾಡಿ, ಕ್ಯಾಸ್ಕೇಡ್ ಮುಟ್ಟಬೇಡಿ. ಚೀಕೋದವರು ಬಳಸುವುದು ಇಡೀ ಹಾಪ್ಸ್ ಹೂವು. ಅದು ಸಿಕ್ಕರೆ ಒಳ್ಳೆಯದೇ, ಆದರೆ ಅರ್ಧ ಲೀಟರಿಗೂ ಹೆಚ್ಚು ರಸ ಹೀರಿಕೊಳ್ಳುತ್ತದೆ. ನೀರು ಅಷ್ಟು ಜಾಸ್ತಿ ಇಡಿ.

ಗುಂಪಿನಲ್ಲಿ ಜಗಳ ಮಾತ್ರ ಯೀಸ್ಟಿನದೇ. ಈ ಬಿಯರ್ ಬಾಟಲಿಯಲ್ಲೇ ಗ್ಯಾಸ್ ಕಟ್ಟುವಂಥದ್ದು, ತಳದಲ್ಲಿ ಜೀವಂತ ಗಷ್ಟು ಇರುತ್ತದೆ. ಎರಡು ಹೊಸ ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಮೂರು ದಿನ ನೆಟ್ಟಗೆ ನಿಲ್ಲಿಸಿ, ಮೇಲಿನದನ್ನು ಬಗ್ಗಿಸಿ ಕುಡಿದು, ಬಾಯಿಗೆ ಬೆಂಕಿ ತೋರಿಸಿ, ಉಳಿದ ಎರಡು ಸೆಂಟಿಮೀಟರನ್ನು 200 ಮಿಲಿ ತಣಿದ ಮಾಲ್ಟ್ ನೀರಿಗೆ (ಒಣ ಮಾಲ್ಟ್ ಸಾರ 10 ಗ್ರಾಂ) ಹೆಪ್ಪು ಹಾಕಿದ ಹಾಗೆ ಹಾಕಿ. ಮೂರು ದಿನಕ್ಕೆ ಅದು ಮಬ್ಬಾದರೆ 100 ಗ್ರಾಂ ಸಾರ ಬೆರೆಸಿ ಕುದಿಸಿ ತಣಿಸಿದ ಒಂದು ಲೀಟರಿಗೆ ವರ್ಗಾಯಿಸಿ. ಹುಳಿ ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿ. ನನ್ನ ಮಟ್ಟಿಗೆ ಯುಎಸ್-05 ಎಂಬ ಒಣ ಯೀಸ್ಟಿನ 11.5 ಗ್ರಾಂ ಪೊಟ್ಟಣವೇ ಸಾಕು, ಉಳಿದದ್ದು ಚಪಲ. ಆದರೆ ಅದನ್ನು 17 ಡಿಗ್ರಿಗಿಂತ ಕೆಳಗೆ ಹುದುಗಿಸಿದರೆ ಪೀಚ್ ಹಣ್ಣಿನ ವಾಸನೆ ಬರುತ್ತದೆ, ಅಸಲಿಯಲ್ಲಿ ಅದಿಲ್ಲ. 19ರಲ್ಲಿ ಇಟ್ಟು, ಕೊನೆಯ ಎರಡು ದಿನ 21ಕ್ಕೆ ಏರಿಸಿ.

ಇಲ್ಲಿಯವರೆಗೆ ಸರಿ ಮಾಡಿದವರು ಸೋಲುವುದು ಬಾಟಲಿ ತುಂಬುವಾಗ. ಪೈಪಿನ ತುದಿ ತಳ ಮುಟ್ಟಿರಬೇಕು. ಮೇಲಿಂದ ಸುರಿದು ನೊರೆ ಎಬ್ಬಿಸಿದರೆ ಮೂರೇ ವಾರದಲ್ಲಿ ಬಣ್ಣ ಕಂದಿ, ಕ್ಯಾಸ್ಕೇಡ್ ಮಾಯವಾಗಿ, ನೆನೆದ ರಟ್ಟಿನ ರುಚಿ ಬರುತ್ತದೆ. 19 ಲೀಟರಿಗೆ 125 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಬೆರೆಸಿ, 20 ಡಿಗ್ರಿಯಲ್ಲಿ ಎರಡು ವಾರ ಇಡಿ. 1.011ಕ್ಕೆ ಇಳಿದು ಮೂರು ದಿನ ಅಲ್ಲೇ ನಿಂತಿದೆಯೇ ನೋಡಿಕೊಳ್ಳದೆ ತುಂಬಿದರೆ ಬಾಟಲಿ ಸಿಡಿಯುತ್ತದೆ. (ಊರಲ್ಲಿರುವವರಿಗೆ: ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ.)

ತೀರ್ಪಿಗೆ ಪ್ರತಿಯೊಬ್ಬರ ಮುಂದೆ ಮೂರು ಲೋಟ: ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಹೇಳಬೇಕು. 12 ಜನರಲ್ಲಿ ಸುಮ್ಮನೆ ಊಹಿಸಿದರೂ ನಾಲ್ವರು ಸರಿ ಹೇಳಿಬಿಡುತ್ತಾರೆ. ಎಂಟು ಜನ ಗುರುತಿಸಿದರೆ ನಕಲು ಸಿಕ್ಕಿಬಿತ್ತು ಎಂದೇ ಲೆಕ್ಕ. ಲೋಟ ಸ್ಟೀಲಿನದೇ ಇರಲಿ. ಗಾಜಿನದಾದರೆ ನಾಲಿಗೆಗಿಂತ ಮೊದಲು ಕಣ್ಣೇ ಬಣ್ಣ ನೋಡಿ ತೀರ್ಪು ಕೊಟ್ಟುಬಿಡುತ್ತದೆ.